ಟಿಸಿ, ಲಾಟ್, ಹೀಟ್ ನಂಬರ್: ನಮ್ಮ ಬೋಲ್ಟ್ ಗೋಡೌನ್‌ನ ಕಾಗದಗಳ ಕೆಲಸ ಎಲ್ಲಿಗೆ ಬಂತು

ನಮ್ಮದು ಪೀಣ್ಯದಲ್ಲಿ ಬೋಲ್ಟು, ನಟ್ಟು, ವಾಷರ್, ಹಿತ್ತಾಳೆ ಫಿಟಿಂಗ್ ಮಾರುವ ಸಂಸ್ಥೆ. ನಾವು ಏನನ್ನೂ ತಯಾರಿಸುವುದಿಲ್ಲ. ತಯಾರಕರಿಂದ ತರಿಸಿ ಬೊಮ್ಮಸಂದ್ರ, ಹೊಸೂರು, ನರಸಾಪುರ ಕಡೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಕೊಡುತ್ತೇವೆ. ಮಾಲಿನ ಜೊತೆ ಅವರು ಕೇಳುವ ಕ್ವಾಲಿಟಿ ಕಾಗದಗಳನ್ನೆಲ್ಲ ಒಂದು ವ್ಯವಸ್ಥೆಗೆ ತರೋಣ ಅಂತ ಹಿಡಿದ ಕೆಲಸ ಇದು. ಇದೇ ವ್ಯಾಪಾರದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿಯವರೆಗಿನದ್ದನ್ನು ಬರೆಯುತ್ತಿದ್ದೇನೆ.

ಫೋನ್ ಬರುವುದು ಹೀಗೆ. "ಸಾರ್, ಮೆಟೀರಿಯಲ್ ಬಂದಿದೆ, ಟಿಸಿ ಬಂದಿಲ್ಲ. ಟಿಸಿ ಇಲ್ದೆ ಇನ್‌ವರ್ಡ್ ಆಗಲ್ಲ, ಬೇಗ ಕಳ್ಸಿ." ಅವರು ಕೇಳುವುದು ಸರಿಯೇ. ಆ ಬೋಲ್ಟು ಹೋಗಿ ಕೂರುವುದು ಯಾರದೋ ಗಾಡಿಯ ಬ್ರೇಕ್ ಪಕ್ಕದಲ್ಲಿ ಇರಬಹುದು. ಟಿಸಿ ಅಂದರೆ ಟೆಸ್ಟ್ ಸರ್ಟಿಫಿಕೇಟ್, ಅದನ್ನು ಹುಡುಕುವುದು ದೊಡ್ಡ ಕೆಲಸ ಅಲ್ಲ. ಕೈಯಲ್ಲಿರುವ ಬೋಲ್ಟು ಮತ್ತು ಆ ಕಾಗದ ಎರಡೂ ಒಂದೇ ಲಾಟಿನವು, ಅಂದರೆ ಒಟ್ಟಿಗೆ ತಯಾರಾದ ಒಂದೇ ಕಂತಿನವು, ಅಂತ ತೋರಿಸುವುದು ಇದೆಯಲ್ಲ, ಪೂರ್ತಿ ಕೆಲಸ ಇರುವುದು ಅಲ್ಲಿ.

ತಯಾರಕರ ಪೆಟ್ಟಿಗೆ ಮೇಲೆ ಅಳತೆ, ಗ್ರೇಡ್, ಲಾಟ್ ನಂಬರ್ ಇರುತ್ತದೆ. ಟಿಸಿಯಲ್ಲಿ ಅದೇ ಲಾಟ್ ನಂಬರ್, ಜೊತೆಗೆ ಉಕ್ಕಿನ ಹೀಟ್ ನಂಬರ್, ಅಂದರೆ ಆ ಉಕ್ಕು ಯಾವ ಸಲ ಕರಗಿಸಿದ್ದು ಅನ್ನುವ ಗುರುತು. ಪೆಟ್ಟಿಗೆ ಒಡೆಯದೆ ಹೋದರೆ ಯಾವ ತಾಪತ್ರಯವೂ ಇಲ್ಲ. ಆದರೆ ನಮ್ಮಂಥವರ ವ್ಯಾಪಾರ ನಡೆಯುವುದೇ ಪೆಟ್ಟಿಗೆ ಒಡೆದು ಕೊಡುವುದರಲ್ಲಿ. 2,000 ಬೋಲ್ಟಿನ ಪೆಟ್ಟಿಗೆಯಿಂದ 500 ತೆಗೆದು ಕವರಿಗೆ ತುಂಬಿದರೆ, ಲಾಟ್ ನಂಬರ್ ಪೆಟ್ಟಿಗೆಯ ಮೇಲೆಯೇ ಉಳಿಯುತ್ತದೆ. ಕವರಿನೊಳಗೆ ಬರೀ ಬೋಲ್ಟು.

ಹಾಗಾಗಿ ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ, ಗೋಡೌನ್‌ನಿಂದ ಶುರು ಮಾಡಿದೆವು. ಪೆಟ್ಟಿಗೆ ತೆರೆಯುವ ಮುಂಚೆ ಅದರ ಲಾಟ್ ನಂಬರ್ ಇರುವ ಸ್ಟಿಕರ್‌ಗಳು ಮೇಜಿನ ಮೇಲೆ ಬರಬೇಕು. ಖಾಲಿ ಕವರಿಗೆ ಮೊದಲು ಸ್ಟಿಕರ್, ಆಮೇಲೆ ಬೋಲ್ಟು. ಎರಡು ಲಾಟ್ ಒಂದೇ ಕವರಿಗೆ ಬೀಳಬಾರದು, ಒಂದು ಲಾಟಿನಲ್ಲಿ 30 ಮಾತ್ರ ಉಳಿದಿದ್ದರೂ ಅದಕ್ಕೆ ಬೇರೆ ಕವರು, ಬಿಲ್ಲಿನಲ್ಲಿ ಬೇರೆ ಸಾಲು. ಟ್ಯಾಲಿಯಲ್ಲಿ ಬ್ಯಾಚ್ ಹಾಕುವ ಸೌಲಭ್ಯ ಹೇಗೂ ಇದೆ, ಅದನ್ನು ಚಾಲೂ ಮಾಡಿದ ಮೇಲೆ ಲಾಟ್ ನಂಬರ್ ಇನ್‌ವಾಯ್ಸ್‌ನಲ್ಲೇ ಅಚ್ಚಾಗುತ್ತಿದೆ. ಟಿಸಿಯ ಪಿಡಿಎಫ್ ಹೆಸರಿನಲ್ಲೂ ಅದೇ ನಂಬರ್. ಈಗ ಗ್ರಾಹಕರು ಇನ್‌ವಾಯ್ಸ್ ನಂಬರ್ ಹೇಳಿದರೆ ಸಾಕು, ಮಾತು ಮುಗಿಯುವುದರೊಳಗೆ ಟಿಸಿ ಸಿಗುತ್ತದೆ.

ಟಿಸಿ ಬಂದಾಗ ಸುಮ್ನೆ ಫೋಲ್ಡರಿಗೆ ಹಾಕುವುದಿಲ್ಲ, ಓದುತ್ತೇವೆ. ಉದಾಹರಣೆಗೆ ಎಂ10 ಅಳತೆಯ (10 ಮಿ.ಮೀ. ದಪ್ಪದ), 8.8 ಗ್ರೇಡಿನ ಬೋಲ್ಟು. ಬೋಲ್ಟುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 898-1 ಪ್ರಕಾರ ಎಂ5 ಮತ್ತು ಅದಕ್ಕಿಂತ ದೊಡ್ಡ ಷಡ್ಭುಜ ತಲೆಯ ಬೋಲ್ಟಿನ ಮೇಲೆ ಗ್ರೇಡೂ ಇರಬೇಕು, ತಯಾರಕರ ಗುರುತೂ ಇರಬೇಕು. ಮೊದಲ 8 ಅಂದರೆ ಎಳೆತಕ್ಕೆ ತಡೆಯುವ ಶಕ್ತಿ 800 ಮೆಗಾಪ್ಯಾಸ್ಕಲ್, ಚುಕ್ಕಿ ಆದಮೇಲಿನ 8 ಅಂದರೆ ಅದರ 80 ಶೇಕಡಾಕ್ಕೆ, ಅಂದರೆ 640ರ ಹತ್ತಿರ, ಬೋಲ್ಟು ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 22ರಿಂದ 32ರ ಒಳಗೆ ಇರಬೇಕು. ಟಿಸಿಯಲ್ಲಿ 35 ಅಂತ ಇದ್ದರೆ ಆ ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತದೆ, ತಯಾರಕರಿಗೆ ಫೋನ್ ಹೋಗುತ್ತದೆ. ಬೋಲ್ಟಿನ ತಲೆ ಮೇಲಿನ ಗುರುತು ಒಬ್ಬರದು, ಟಿಸಿ ಇನ್ನೊಬ್ಬರದು ಅಂತಾದರೂ ಅಷ್ಟೇ. ಇದಕ್ಕೆ ಭೂತಗನ್ನಡಿ ಬಿಟ್ಟು ಬೇರೆ ಉಪಕರಣ ಬೇಡ.

ಇನ್ನು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಎಷ್ಟೋ ಗ್ರಾಹಕರು "ನಿಮ್ಮ ಲೆಟರ್‌ಹೆಡ್ ಮೇಲೆ ಟಿಸಿ ಕೊಡಿ" ಅನ್ನುತ್ತಾರೆ. ಕೊಡುವುದಿಲ್ಲ. ತಯಾರಕರ ಅಂಕಿಗಳನ್ನು ನಾವು ಮತ್ತೆ ಟೈಪ್ ಮಾಡಿ ಸೀಲು ಒತ್ತಿದರೆ, ನಾವು ಮಾಡದ ಪರೀಕ್ಷೆಗೆ ನಾವು ಸಹಿ ಹಾಕಿದ ಹಾಗೆ. ಲೋಹದ ಪರೀಕ್ಷಾ ಪತ್ರಗಳಿಗೆ ಎಲ್ಲರೂ ಹೇಳುವ ಯುರೋಪಿನ ಮಾನದಂಡ ಇಎನ್ 10204 ಕೂಡ ಇದನ್ನೇ ಹೇಳುತ್ತದೆ: ಮಧ್ಯದ ವ್ಯಾಪಾರಿ ತಯಾರಕರ ಮೂಲ ಪತ್ರವನ್ನೋ ಅದರ ನಕಲನ್ನೋ ಒಂದಕ್ಷರವೂ ಬದಲಿಸದೆ ದಾಟಿಸಬೇಕು, ಮಾಲು ಯಾವುದು ಅಂತ ಗುರುತಿಸುವ ದಾರಿಯೂ ಜೊತೆಗೆ ಇರಬೇಕು. ಅದೇ ಮಾನದಂಡದ 3.1 ಅನ್ನುವ ಬಗೆಯ ಸರ್ಟಿಫಿಕೇಟ್ ಕೇಳುವವರಿಗೂ ಇದೇ ಉತ್ತರ. ಅದಕ್ಕೆ ಸಹಿ ಹಾಕಬೇಕಾದವರು ತಯಾರಕರ ಕಡೆಯ, ಉತ್ಪಾದನಾ ವಿಭಾಗಕ್ಕೆ ಸೇರದ ತಪಾಸಣೆಯ ವ್ಯಕ್ತಿ. ನಮ್ಮ ಪಾಲಿಗೆ ನಾವು ಬೇರೆ ಹಾಳೆ ಮಾಡಿದ್ದೇವೆ. ಅದರಲ್ಲಿ ಇನ್‌ವಾಯ್ಸ್ ನಂಬರ್, ಲಾಟ್, ಎಣಿಕೆ, ಯಾವ ಟಿಸಿ ಅನ್ನುವುದು, ಅಷ್ಟೇ. ಅದಕ್ಕೆ ಧೈರ್ಯವಾಗಿ ಸಹಿ ಹಾಕುತ್ತೇವೆ, ಯಾಕಂದರೆ ಅದು ನಮ್ಮ ಕೈಯಲ್ಲಿ ನಡೆದ ಕೆಲಸ.

ವಾಹನ ಉದ್ಯಮದ ಕ್ವಾಲಿಟಿ ವ್ಯವಸ್ಥೆಗೆ ಕೊಡುವ ಐಎಟಿಎಫ್ 16949 ಸರ್ಟಿಫಿಕೇಟ್ ಕೇಳುವ ಫಾರಂಗಳೂ ಜಾಸ್ತಿ ಬರುತ್ತವೆ. ತಯಾರಿಕೆ ಇಲ್ಲದ ಬರೀ ವಿತರಕರಿಗೆ ಆ ಸರ್ಟಿಫಿಕೇಟ್ ಕೊಡುವ ಹಾಗೇ ಇಲ್ಲ, ನಾವು ತೆಗೆದುಕೊಳ್ಳಬಹುದಾದದ್ದು ಯಾವ ಉದ್ಯಮಕ್ಕೂ ಸಿಗುವ ಸಾಮಾನ್ಯ ಕ್ವಾಲಿಟಿ ಸರ್ಟಿಫಿಕೇಟ್ ಐಎಸ್‌ಒ 9001. ಇದನ್ನು ವಿವರಿಸಿ ಒಂದು ಪುಟದ ಪತ್ರ ಬರೆದು ಇಟ್ಟಿದ್ದೇವೆ, ತಯಾರಕರ ಐಎಟಿಎಫ್ ಪ್ರತಿಯನ್ನು ಜೊತೆಗೆ ಸೇರಿಸುತ್ತೇವೆ. ಆ ಪ್ರತಿಯ ಅವಧಿ ಮುಗಿಯುವ ದಿನಾಂಕವನ್ನೂ ಕ್ಯಾಲೆಂಡರಿಗೆ ಹಾಕಿದ್ದಾಯಿತು.

ಪಿಪ್ಯಾಪ್ (ಪಿಪಿಎಪಿ), ಅಂದರೆ ಬಿಡಿಭಾಗವನ್ನು ಗ್ರಾಹಕರು ಒಪ್ಪುವ ಮುಂಚೆ ಸಲ್ಲಿಸುವ ದಾಖಲೆಗಳ ಕಟ್ಟು, ಅದರ ವಿಷಯ ಬೇರೆ ಥರ. 18 ಅಂಶಗಳು, ಸಲ್ಲಿಕೆಗೆ 5 ಹಂತ, ಗ್ರಾಹಕರು ಬೇರೆ ಏನೂ ಹೇಳದಿದ್ದರೆ 3ನೇ ಹಂತ. ಪ್ರಕ್ರಿಯೆಯ ನಕ್ಷೆ, ಕಂಟ್ರೋಲ್ ಪ್ಲಾನ್ ಎಲ್ಲ ತಯಾರಕರ ಹತ್ತಿರ ಮಾತ್ರ ಇರುತ್ತದೆ, ಕ್ಯಾಟಲಾಗಿನ ಸಾಮಾನ್ಯ ಬೋಲ್ಟಿಗೆ ಅವರು ಅದನ್ನು ಸುಲಭಕ್ಕೆ ಕೊಡುವುದೂ ಇಲ್ಲ. ಮಾಲು ಹೋದಮೇಲೆ ಈ ಮಾತು ಬಂದರೆ ಮೂವರಿಗೂ ಕಷ್ಟ. ಅದಕ್ಕೇ ಕೊಟೇಶನ್‌ನಲ್ಲೇ ಒಂದು ಸಾಲು ಸೇರಿಸಿದ್ದೇವೆ: ಯಾವ ಕಾಗದ ಬೇಕು, ಯಾವ ಹಂತದ್ದು, ಈಗಲೇ ಹೇಳಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫೋನ್ ಉಳಿಸಿದ್ದು ಈ ಸಾಲು.

ಹಿತ್ತಾಳೆ ಫಿಟಿಂಗ್‌ಗೆ "ಸೀಸ ಇಲ್ಲ ಅಂತ ಬರೆದುಕೊಡಿ" ಅನ್ನುವ ಬೇಡಿಕೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಲೇತ್ ಯಂತ್ರದಲ್ಲಿ ಸುಲಭವಾಗಿ ಕಡಿಯಲು ಬರಲಿ ಅಂತ ಹಿತ್ತಾಳೆಗೆ ಸೀಸ ಬೆರೆಸಿಯೇ ಇರುತ್ತಾರೆ. ಬಳಕೆ ಮುಗಿದ ವಾಹನಗಳ ಬಗ್ಗೆ ಯುರೋಪಿನ ನಿಯಮ 2000/53ರ ವಿನಾಯಿತಿ ಪಟ್ಟಿಯಲ್ಲಿ ತಾಮ್ರದ ಮಿಶ್ರಲೋಹಕ್ಕೆ 4 ಶೇಕಡಾವರೆಗೆ ಸೀಸದ ಅವಕಾಶ ಇದೆ. ಆದರೆ ಯುರೋಪಿನ ರಾಸಾಯನಿಕಗಳ ಕಾನೂನು ರೀಚ್‌ನ ಅಪಾಯಕಾರಿ ವಸ್ತುಗಳ ಪಟ್ಟಿಗೆ 2018ರ ಜೂನ್‌ನಲ್ಲಿ ಸೀಸ ಸೇರಿತು, 0.1 ಶೇಕಡಾ ದಾಟಿದರೆ ತಿಳಿಸಬೇಕು. ಅಂದರೆ ಸೀಸ ಇದ್ದರೂ ಬಳಸಬಹುದು, ಇಲ್ಲ ಅಂತ ಬರೆಯುವ ಹಾಗಿಲ್ಲ. ಇದನ್ನು ಪರ್ಚೇಸ್‌ನವರಿಗೆ ಹೇಳಿ ಉಪಯೋಗವಿಲ್ಲ, ನೇರ ಕ್ವಾಲಿಟಿಯವರ ಜೊತೆ ಮಾತಾಡಿದರೆ ಒಪ್ಪುತ್ತಾರೆ. ಆ ಪಟ್ಟಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಹೊಸ ಹೆಸರು ಸೇರುತ್ತವೆ, ಹಾಗಾಗಿ ತಯಾರಕರಿಂದ ಹೊಸ ಘೋಷಣೆ ತರಿಸುವ ಕೆಲಸ ನಿಲ್ಲುವಂಥದ್ದಲ್ಲ.

ಹಳೇ ಸ್ಟಾಕಿನ ಕಥೆ ಬೇರೆ. ಲಾಟ್ ನಂಬರ್ ಅಳಿಸಿಹೋದ ಪೆಟ್ಟಿಗೆಗಳು ಪಹಣಿ ಇಲ್ಲದ ಜಮೀನಿನ ಹಾಗೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿದರೆ ಕಳಿಸಿದ ಬೋಲ್ಟಿನ ಗಡಸುತನ, ರಾಸಾಯನಿಕ ಅಂಶ ತಿಳಿಯುತ್ತದೆ ನಿಜ, ಪೆಟ್ಟಿಗೆಯಲ್ಲಿ ಉಳಿದವೂ ಅದೇ ಲಾಟಿನವು ಅಂತ ಅವರು ಹೇಳಲಾರರು. ಅವನ್ನೆಲ್ಲ ಕೆಂಪು ಪಟ್ಟಿ ಹಚ್ಚಿ ಬೇರೆ ರ‍್ಯಾಕಿಗೆ ಹಾಕಿದ್ದೇವೆ. ವಾಹನದ ಕೆಲಸಕ್ಕೆ ಕೊಡುವುದಿಲ್ಲ, ಶೆಡ್ಡು, ಗ್ರಿಲ್ಲು ಮಾಡುವವರಿಗೆ ವಿಷಯ ಹೇಳಿಯೇ ಮಾರುತ್ತೇವೆ.

ಈಗ ಹಿಡಿದಿರುವುದು ಪ್ಲೇಟಿಂಗ್, ಅಂದರೆ ಲೋಹದ ಲೇಪದ, ಕಾಗದ. 12.9 ಗ್ರೇಡಿನ ಬೋಲ್ಟಿಗೆ ಜಿಂಕ್ ಲೇಪ ಮಾಡಿಸಿಕೊಡಿ ಅಂತ ಕೇಳುವವರಿದ್ದಾರೆ. ಅಷ್ಟು ಗಡಸು ಉಕ್ಕಿಗೆ ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಸೇರಿದರೆ, ಬಿಗಿ ಮಾಡಿದ ಮೇಲೆ ಯಾವಾಗಲೋ ತಲೆ ಹಾರಿಹೋಗಬಹುದು. ಆ ಹೈಡ್ರೋಜನ್ ಹೊರಹೋಗಲಿ ಅಂತ ಪ್ಲೇಟಿಂಗ್ ಆದಮೇಲೆ ಒಲೆಯಲ್ಲಿ ಎಷ್ಟು ಬಿಸಿಗೆ ಎಷ್ಟು ಹೊತ್ತು ಇಟ್ಟರು ಅನ್ನುವ ಬೇಕಿಂಗ್ ಚಾರ್ಟು ಪ್ಲೇಟಿಂಗ್‌ನವರಿಂದ ಬರಬೇಕು, ಅದರ ಮೇಲೂ ನಮ್ಮ ಲಾಟ್ ನಂಬರ್ ಇರಬೇಕು. ಪ್ಲೇಟಿಂಗ್‌ನವರು ನಾಲ್ಕೈದು ಜನರ ಮಾಲನ್ನು ಒಂದೇ ಸಲ ಒಲೆಗೆ ಹಾಕುತ್ತಾರೆ. ನಮ್ಮ ಲಾಟನ್ನು ಅಲ್ಲಿ ಬೇರೆಯಾಗಿ ಇಡಲು ಒಪ್ಪುವವರನ್ನು ಹುಡುಕುತ್ತಿದ್ದೇನೆ, ಸಿಕ್ಕಿದ ಮೇಲೆ ಮುಂದಿನದ್ದು ಬರೆಯುತ್ತೇನೆ.