ಶೀಟಿನಲ್ಲಿ 3 ಇದೆ, ಸರಿ. ಪ್ರಶ್ನೆಪತ್ರಿಕೆ ಎಲ್ಲಿ?

ಅಟೇನ್‌ಮೆಂಟ್ ಶೀಟಿನಲ್ಲಿ ಸಾಲಾಗಿ 3, 3, 3 ಕಂಡರೆ ನನಗೆ ಈಗ ಸಮಾಧಾನವಾಗುವುದಿಲ್ಲ. ಕೋರ್ಸಿನ ಗುರಿಯನ್ನು ಎಷ್ಟು ವಿದ್ಯಾರ್ಥಿಗಳು ಮುಟ್ಟಿದರು ಅಂತ 1ರಿಂದ 3ರ ಅಳತೆಯಲ್ಲಿ ತೋರಿಸುವ ಲೆಕ್ಕ ಅದು, 3 ಅಂದರೆ ಅತ್ಯುತ್ತಮ. ಪ್ರಶ್ನೆಪತ್ರಿಕೆ ತೋರಿಸಿ ಅಂತ ಕೇಳುತ್ತೇನೆ. ಡಿಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವರಿಗೆ ಇದು ಕಿರಿಕಿರಿ ಅಂತ ಗೊತ್ತು. ಆದರೂ ಕೇಳುತ್ತೇನೆ. ಯಾಕೆ ಅಂತ ಒಮ್ಮೆ ಬರೆದಿಡುತ್ತೇನೆ.

ಉತ್ತರ ಕನ್ನಡದ ಕರಾವಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಎನ್‌ಬಿಎ (ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ತಯಾರಿ ಶುರುವಾದಾಗ ಕ್ರೈಟೀರಿಯಾ 3 ನನ್ನ ಪಾಲಿಗೆ ಬಂತು. ಆಗಿನ ಟಿಯರ್-2 ಎಸ್‌ಎಆರ್‌ನಲ್ಲಿ (ಸ್ವಾಯತ್ತವಲ್ಲದ ಕಾಲೇಜುಗಳು ತಮ್ಮ ಬಗ್ಗೆ ತಾವೇ ಬರೆದುಕೊಡುವ ವರದಿಯಲ್ಲಿ) ಅದಕ್ಕೆ 1000ಕ್ಕೆ 120 ಅಂಕ. ಸಿಒ (ಒಂದು ಸಬ್ಜೆಕ್ಟು ಮುಗಿದಾಗ ವಿದ್ಯಾರ್ಥಿಗೆ ಬರಬೇಕಾದದ್ದು), ಪಿಒ (ಇಡೀ ಪದವಿ ಮುಗಿದಾಗ ಬರಬೇಕಾದದ್ದು), ಎರಡನ್ನೂ ಜೋಡಿಸುವ ಮ್ಯಾಪಿಂಗ್, ಅಟೇನ್‌ಮೆಂಟ್ ಎಲ್ಲ ಅದರೊಳಗೇ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಪ್ರತಿ ಸಲ ವಾಷಿಂಗ್ಟನ್ ಅಕಾರ್ಡ್ (ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ಒಪ್ಪಂದ) ಹೆಸರು ಬರುತ್ತಿತ್ತು. ಭಾರತ 2014ರಲ್ಲಿ ಅದರ ಕಾಯಂ ಸದಸ್ಯ ಆಯಿತು, ನಿಜ. ಆದರೆ ಆ ಮಾನ್ಯತೆ ಸಿಗುವುದು ಟಿಯರ್-1, ಅಂದರೆ ಸ್ವಾಯತ್ತ ಕಾಲೇಜು ಮತ್ತು ಯೂನಿವರ್ಸಿಟಿಗಳ ಕೋರ್ಸುಗಳಿಗೆ. ನಮ್ಮಂಥ ಅಫಿಲಿಯೇಟೆಡ್ ಕಾಲೇಜುಗಳಿಗಲ್ಲ. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಕ್ಸೆಲ್ ಕಥೆ ಬೇರೆ. ಒಬ್ಬೊಬ್ಬರ ಹತ್ತಿರ ಒಂದೊಂದು ಟೆಂಪ್ಲೇಟು. ಒಂದು ಫೈಲ್ ಜಾಗ ಬದಲಿಸಿದರೆ ಲಿಂಕ್ ಹೋಗಿ ಇಡೀ ಕಾಲಂ ರೆಫ್ ಎರರ್. ಜುಲೈ ಮಳೆಗೆ ಕರೆಂಟು ಹೋದರೆ ಸೇವ್ ಮಾಡದ್ದು ಹೋಯಿತು ಅಂತಲೇ ಲೆಕ್ಕ. ಆ ಶೀಟುಗಳನ್ನು ಸರಿ ಮಾಡುವುದೇ ಗುಣಮಟ್ಟದ ಕೆಲಸ ಅಂತ ಎಲ್ಲರೂ ನಂಬಿದ್ದೆವು.

2018ರ ಸ್ಕೀಮಿನ (ಸಿಲಬಸ್ಸಿನ) ಡಿಬಿಎಂಎಸ್, ಅಂದರೆ ಡೇಟಾಬೇಸ್, ನನ್ನ ಸಬ್ಜೆಕ್ಟು. ಅದರ ಒಂದು ಸಿಒ ನಾರ್ಮಲೈಸೇಶನ್ ಮೇಲೆ: ಕೊಟ್ಟ ಟೇಬಲನ್ನು ವಿಶ್ಲೇಷಿಸಿ ಮೂರನೇ ನಾರ್ಮಲ್ ಫಾರ್ಮಿಗೆ (3ಎನ್‌ಎಫ್) ತರುವುದು, ಅಂದರೆ ಒಂದೇ ಮಾಹಿತಿ ಪದೇ ಪದೇ ಬರದಂತೆ ಟೇಬಲನ್ನು ಒಡೆಯುವುದು. ಪ್ರಶ್ನೆ ಎಷ್ಟು ಆಳದ ಯೋಚನೆ ಕೇಳುತ್ತದೆ ಅಂತ ಅಳೆಯುವ ಬ್ಲೂಮ್ಸ್ ಲೆವೆಲ್ ಎಲ್4, ಅಂದರೆ ವಿಶ್ಲೇಷಣೆ. ಅಟೇನ್‌ಮೆಂಟ್ 3. ಶೇ. 80ಕ್ಕಿಂತ ಜಾಸ್ತಿ ಹುಡುಗರು ಟಾರ್ಗೆಟ್ (ಮುಟ್ಟಬೇಕಾದ ಕನಿಷ್ಠ ಅಂಕ) ದಾಟಿದ್ದರು. ಫಾರ್ಮುಲಾ ಸರಿ, ಸಹಿ ಸರಿ, ಫೈಲಿಗೆ ಟ್ಯಾಗ್ ಸರಿ.

ಮಾಕ್ ವಿಸಿಟ್‌ಗೆ (ಎನ್‌ಬಿಎ ತಂಡ ಬರುವ ಮೊದಲಿನ ಅಭ್ಯಾಸದ ತಪಾಸಣೆಗೆ) ಘಟ್ಟದ ಮೇಲಿಂದ ಹಿರಿಯ ಪ್ರೊಫೆಸರ್ ಒಬ್ಬರು ಬಂದಿದ್ದರು. ಅವರು ಮೊದಲು ಮ್ಯಾಪಿಂಗ್ ಕೇಳುತ್ತಾರೆ ಅಂತ ನಾನು ತಯಾರಾಗಿದ್ದೆ. ಡಿಬಿಎಂಎಸ್‌ಗೂ ಪರಿಸರದ ಪಿಒ 7ಕ್ಕೂ ಏನು ಸಂಬಂಧ ಅಂತ ಕೇಳಿದರೆ ಕೊಡಲು ಉತ್ತರವೂ ಇತ್ತು. ಅವರು ಶೀಟು ಮುಟ್ಟಲಿಲ್ಲ. ಎರಡನೇ ಐಎ (ಕಾಲೇಜಿನ ಒಳಗಿನ ಪರೀಕ್ಷೆ) ಪ್ರಶ್ನೆಪತ್ರಿಕೆ ಮತ್ತು ಬ್ಲೂ ಬುಕ್‌ಗಳ (ಉತ್ತರ ಪುಸ್ತಿಕೆಗಳ) ಕಟ್ಟು ತರಿಸಿದರು. ಪ್ರಶ್ನೆ ಓದಿದರು: '1ಎನ್‌ಎಫ್, 2ಎನ್‌ಎಫ್, 3ಎನ್‌ಎಫ್ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ.' ಪಕ್ಕದಲ್ಲಿ ಎಲ್4 ಅಂತ ಅಚ್ಚಾಗಿತ್ತು. ಆಮೇಲೆ ನಾಲ್ಕೈದು ಬ್ಲೂ ಬುಕ್ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದರು. ಎಲ್ಲದರಲ್ಲೂ ಒಂದೇ ಉದಾಹರಣೆ. ಅದೇ ಉದ್ಯೋಗಿ, ಅದೇ ಪ್ರಾಜೆಕ್ಟ್, ಅದೇ ಗಂಟೆಗಳು. ನಾನು ಕೊಟ್ಟ ನೋಟ್ಸಿನಿಂದ ಬಂದದ್ದು.

ಅವರು ಏನೂ ಹೇಳಲಿಲ್ಲ. 'ಬನ್ನಿ, ಕ್ಲಾಸಿಗೆ ಹೋಗೋಣ' ಅಂದರು.

ಲ್ಯಾಬಿನಲ್ಲಿ ಐದನೇ ಸೆಮಿಸ್ಟರಿನವರು ಕೂತಿದ್ದರು. 'ನಿಮ್ಮ ಮನೆಗಳಲ್ಲಿ ಏನು ವ್ಯವಹಾರ?' ಅಂತ ಪ್ರೊಫೆಸರ್ ಕೇಳಿದರು. ಮೀನು, ಅಂಗಡಿ, ನೌಕರಿ, ಮೇಲಿನ ತಾಲೂಕಿನವರದ್ದು ಅಡಿಕೆ. ಅಡಿಕೆ ಮಾರಿದ ಚೀಟಿಯಲ್ಲಿ ಏನೇನಿರುತ್ತದೆ ಅಂತ ಹುಡುಗರಿಂದಲೇ ಹೇಳಿಸಿ ಬೋರ್ಡ್ ಮೇಲೆ ಬರೆದರು: ಚೀಟಿ ನಂಬರ್, ಸದಸ್ಯ ನಂಬರ್, ಹೆಸರು, ಊರು, ಫೋನು, ಅಡಿಕೆ ಬಗೆ, ತೂಕ, ದರ, ವ್ಯಾಪಾರಿ. ಒಂದು ಲಾಟಿಗೆ ಒಂದು ಚೀಟಿ. ಇದನ್ನು 3ಎನ್‌ಎಫ್‌ಗೆ ತನ್ನಿ ಅಂದರು.

ಲ್ಯಾಬು ಪೂರ್ತಿ ಸುಮ್ಮನಾಯಿತು. ಯಾರೂ ಪೆನ್ನು ಎತ್ತಲಿಲ್ಲ. ನನಗೆ ಹೋಗಿ ಸಹಾಯ ಮಾಡೋಣ ಅನ್ನಿಸುತ್ತಿತ್ತು, ಹಾಗೆ ಮಾಡಬಾರದು ಅಂತಲೂ ಗೊತ್ತಿತ್ತು. ಇದೇ ಹುಡುಗರು ಆ ಪ್ರಶ್ನೆಗೆ ಹತ್ತಕ್ಕೆ ಎಂಟು, ಒಂಬತ್ತು ತೆಗೆದವರು. ಕೊನೆಗೆ ಕ್ಲಾಸಿನ ಜಾಣ ಹುಡುಗ ಎದ್ದು ಬಂದ. ಹೆಸರು, ಊರು, ಫೋನನ್ನು ಸದಸ್ಯ ನಂಬರ್ ಜೊತೆ ಬೇರೆ ಟೇಬಲ್ ಮಾಡಿದ. ಸರಿ ಇತ್ತು, ನನಗೆ ಉಸಿರು ಬಂತು. ಆಮೇಲೆ ಅಡಿಕೆ ಬಗೆ ಮತ್ತು ದರವನ್ನೂ ತೆಗೆದು ಇನ್ನೊಂದು ಟೇಬಲ್ ಮಾಡಿದ. ಚಾಲಿಗೆ ಒಂದು ದರ, ರಾಶಿಗೆ ಒಂದು ದರ.

'ಎಲ್ಲರೂ ಒಪ್ಪುತ್ತೀರಾ?' ಅಂತ ಕೇಳಿದರು.

ಹಿಂದಿನ ಸಾಲಿನಿಂದ ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. 'ಇಲ್ಲ ಸರ್, ನಮ್ಮದು ಎರಡು ಲಾಟ್ ಚಾಲಿಗೆ ಒಂದೇ ದಿನ ಬೇರೆ ಬೇರೆ ದರ ಬಿದ್ದಿತ್ತು. ಟೆಂಡರಿನಲ್ಲಿ ಲಾಟ್ ನೋಡಿ ದರ ಹಾಕ್ತಾರೆ. ಬಗೆ ಗೊತ್ತಾದರೆ ದರ ಗೊತ್ತಾಗಲ್ಲ.'

ಫಂಕ್ಷನಲ್ ಡಿಪೆಂಡೆನ್ಸಿಯನ್ನು (ಒಂದು ಗೊತ್ತಾದರೆ ಇನ್ನೊಂದು ಗೊತ್ತಾಗುವ ಸಂಬಂಧವನ್ನು) ಇದಕ್ಕಿಂತ ಚೆನ್ನಾಗಿ ನಾನು ಹೇಳಿರಲಿಲ್ಲ. ದರ ನಿಂತಿರುವುದು ಚೀಟಿ ನಂಬರಿನ ಮೇಲೆ, ಬಗೆಯ ಮೇಲೆ ಅಲ್ಲ. ಆ ಹುಡುಗಿಯ ಬ್ಲೂ ಬುಕ್ಕಿನಲ್ಲಿ ಅದೇ ಪ್ರಶ್ನೆಗೆ ನಾನೇ ಹತ್ತಕ್ಕೆ ಮೂರು ಹಾಕಿದ್ದೆ, ಯಾಕೆಂದರೆ ವ್ಯಾಖ್ಯೆ ಅರ್ಧ ಬರೆದಿದ್ದಳು. ಶೀಟಿನ ಲೆಕ್ಕದಲ್ಲಿ ಅವಳು ಸಿಒ ಮುಟ್ಟದವಳು. ಜಾಣ ಹುಡುಗ ಮುಟ್ಟಿದವನು. ನನ್ನನ್ನು ಇವತ್ತಿಗೂ ಚುಚ್ಚುವುದು ಇದೇ. ಮೂರು ಬಂದದ್ದಕ್ಕೆ ಅವಳು ನನ್ನ ಹತ್ತಿರ ಕೇಳಲೂ ಬಂದಿರಲಿಲ್ಲ. ತನಗೆ ಈ ವಿಷಯ ಬರುವುದಿಲ್ಲ ಅಂತಲೇ ತಿಳಿದುಕೊಂಡಿದ್ದಳು.

ಐಎ ಪತ್ರಿಕೆಯನ್ನೇ ಯಾಕೆ ಇಷ್ಟು ಹಿಡಿದುಕೊಳ್ಳಬೇಕು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕಾರಣ ಸರಳ. ಯೂನಿವರ್ಸಿಟಿಯ ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ) ಅಂಕ ನಮಗೆ ಒಟ್ಟಾಗಿ ಬರುತ್ತದೆ, ಪ್ರಶ್ನೆವಾರು ಬರುವುದಿಲ್ಲ. ಆ ಒಂದೇ ಸಂಖ್ಯೆಯನ್ನು ಎಲ್ಲ ಸಿಒಗಳಿಗೂ ಹಾಕುತ್ತೇವೆ. ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಬರುತ್ತದೆ, ನಾರ್ಮಲೈಸೇಶನ್ ಬರುವುದಿಲ್ಲ ಅಂತ ಅದರಿಂದ ಗೊತ್ತಾಗಲು ಸಾಧ್ಯವೇ ಇಲ್ಲ. ಕೋರ್ಸ್ ಎಂಡ್ ಸರ್ವೆಯಲ್ಲಿ ಹುಡುಗರು ಎಲ್ಲದಕ್ಕೂ ಎಕ್ಸಲೆಂಟ್ ಒತ್ತುತ್ತಾರೆ. ಹಾಗಾಗಿ ಸಿಒಗಳು ನಿಜವಾಗಿ ಬೇರೆ ಬೇರೆಯಾಗಿ ಕಾಣುವ ಜಾಗ ಐಎ ಮತ್ತು ಲ್ಯಾಬು ಮಾತ್ರ. ಅಲ್ಲಿ ನೋಟ್ಸಿನ ಪ್ರಶ್ನೆ ಕೊಟ್ಟು ಎಲ್4 ಅಂತ ಬರೆದರೆ ಮುಂದಿನ ಲೆಕ್ಕವೆಲ್ಲ ಬರೀ ಕಾಗದ.

ಮುಂದಿನ ಬ್ಯಾಚಿಗೆ ಪ್ರಶ್ನೆ ಬದಲಾಯಿಸಿದೆ. ನೋಟ್ಸಿನಲ್ಲಿ ಇಲ್ಲದ ಟೇಬಲ್, ಊರಿನ ವ್ಯವಹಾರದ್ದು. ಕಾರವಾರದ ಬೈತಖೋಲ ಬಂದರಿನ ಬೋಟುಗಳದ್ದು ಒಂದು: ಬೋಟ್ ನಂಬರ್, ಮಾಲೀಕ, ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ), ಟ್ರಿಪ್ ತಾರೀಕು, ಮೀನು, ಬುಟ್ಟಿ, ದರ. ತಾಂಡೇಲ ಬೋಟಿಗೆ ಸೇರಿದವನೋ, ಟ್ರಿಪ್ಪಿಗೆ ಸೇರಿದವನೋ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, ಚಿಕ್ಕ ನಾಡದೋಣಿಗೆ ವಿನಾಯಿತಿ ಇದೆ. ಬೋಟಿನ ಬಗೆ ಒಂದು ಟೇಬಲಿನಲ್ಲಿ, ಟ್ರಿಪ್ ತಾರೀಕು ಇನ್ನೊಂದರಲ್ಲಿ ಇದ್ದಾಗ ಈ ನಿಯಮವನ್ನು ಬರೀ ಚೆಕ್ ಕನ್‌ಸ್ಟ್ರೇಂಟಿನಲ್ಲಿ (ಟೇಬಲಿಗೇ ಹಾಕುವ ಷರತ್ತಿನಲ್ಲಿ) ಕೂರಿಸಲು ಆಗುತ್ತದಾ, ಟ್ರಿಗರ್ (ಡೇಟಾ ಸೇರಿಸುವಾಗ ತಾನೇ ಓಡುವ ಕೋಡ್) ಬೇಕಾ? ಕುಮಟಾದಿಂದ ಬರುವ ಒಬ್ಬ ಹುಡುಗ ತಾಂಡೇಲನ ಬಗ್ಗೆ ಅರ್ಧ ಪುಟ ಬರೆದಿದ್ದ. ಸೀಸನ್ ಮಧ್ಯದಲ್ಲಿ ತಾಂಡೇಲ ಬದಲಾಗಬಹುದು, ಹಾಗಾಗಿ ಟ್ರಿಪ್ಪಿನ ಜೊತೆಗೇ ಇಡಬೇಕು ಅಂತ. ಓದಿ ತುಂಬ ಸಂತೋಷವಾಯಿತು.

ಅಟೇನ್‌ಮೆಂಟ್ 3ರಿಂದ 1ಕ್ಕೆ ಇಳಿಯಿತು.

ಆಗ ಶುರುವಾಯಿತು ಗಲಾಟೆ. 'ಇದು ಹೇಗೆ ಇಳಿಯಿತು? ಟಾರ್ಗೆಟ್ 60 ಇದ್ದದ್ದನ್ನು 50 ಮಾಡಿ' ಅಂತ ಮೇಲಿನಿಂದ ಮಾತು ಬಂತು. ನಾನು ಒಪ್ಪಲಿಲ್ಲ. ಆಗಿನ ಕ್ರೈಟೀರಿಯಾ 7 ಇದ್ದದ್ದೇ ನಿರಂತರ ಸುಧಾರಣೆಗೆ. ಇಳಿದದ್ದನ್ನು ತೋರಿಸಿ, ಯಾಕೆ ಇಳಿಯಿತು, ಏನು ಮಾಡಿದೆವು ಅಂತ ಬರೆದರೆ ಅದೇ ಅಲ್ವಾ ಸಾಕ್ಷಿ? ನಮ್ಮ ಎಚ್‌ಒಡಿ ನನ್ನ ಪರ ನಿಂತರು. ಆಕ್ಷನ್ ಟೇಕನ್ ಕಾಲಂನಲ್ಲಿ ಸಾಮಾನ್ಯವಾಗಿ ಬರೆಯುವ 'ಹೆಚ್ಚುವರಿ ತರಗತಿ ನಡೆಸಲಾಯಿತು' ಬಿಟ್ಟು, ಹಳೆ ಪ್ರಶ್ನೆ ಮತ್ತು ಹೊಸ ಪ್ರಶ್ನೆ ಎರಡನ್ನೂ ಅಂಟಿಸಿದೆವು. ಮ್ಯಾನೇಜ್‌ಮೆಂಟಿಗೆ ಈಗಲೂ ಆ 1 ಇಷ್ಟವಿಲ್ಲ. ಪ್ರತಿ ಐಕ್ಯೂಎಸಿ (ಕಾಲೇಜಿನ ಒಳಗಿನ ಗುಣಮಟ್ಟ ಸಮಿತಿ) ಮೀಟಿಂಗಿನಲ್ಲಿ ವಿಷಯ ಬರುತ್ತದೆ, ಅದೇ ಉತ್ತರ ಕೊಡುತ್ತೇನೆ.

ಈಗ ಎನ್‌ಬಿಎ ಹೊಸ ನಮೂನೆ ಬಂದಿದೆ. ಹನ್ನೆರಡು ಪಿಒ ಹೋಗಿ ಹನ್ನೊಂದಾಗಿವೆ. ಎಲ್ಲರೂ ಮತ್ತೆ ಮ್ಯಾಪಿಂಗ್ ಟೇಬಲ್ ತಿದ್ದುತ್ತಾ ಕೂತಿದ್ದಾರೆ. ತಿದ್ದಲಿ, ಬೇಕಾದದ್ದೇ. ಪ್ರಶ್ನೆಪತ್ರಿಕೆ ಪರಿಶೀಲಿಸುವ ನಮ್ಮ ಸ್ಕ್ರೂಟಿನಿ ಫಾರ್ಮಿನಲ್ಲಿ ಮಾತ್ರ ಒಂದು ಸಾಲು ಸೇರಿಸಿಕೊಂಡಿದ್ದೇವೆ: 'ಈ ಉತ್ತರ ನೋಟ್ಸಿನಲ್ಲಿ ಹಾಗೇ ಇದೆಯೇ?' ಇದ್ದರೆ ಎಲ್2ಕ್ಕಿಂತ (ಅರ್ಥ ಮಾಡಿಕೊಳ್ಳುವ ಹಂತ) ಮೇಲೆ ಬರೆಯುವಂತಿಲ್ಲ. ಇದರ ಜೊತೆ, ತೀರಾ ಕಡಿಮೆ ಅಂಕದ ಬ್ಲೂ ಬುಕ್ಕುಗಳನ್ನು ಇನ್ನೊಬ್ಬರು ಓದಬೇಕು ಅಂತಲೂ ಮಾಡಿಕೊಂಡಿದ್ದೇವೆ.

ಡಿಬಿಎಂಎಸ್‌ಗೆ ಇಂಥ ಪ್ರಶ್ನೆ ಸುಲಭವಾಗಿ ಸಿಗುತ್ತದೆ, ಊರಿನ ತುಂಬ ಚೀಟಿ, ರಸೀದಿಗಳೇ. ಆಪರೇಟಿಂಗ್ ಸಿಸ್ಟಮ್ಸ್ ಮತ್ತು ಆಟೋಮೇಟಾ ಥಿಯರಿಯಲ್ಲಿ ನಾವಿನ್ನೂ ಒದ್ದಾಡುತ್ತಿದ್ದೇವೆ. ಡೆಡ್‌ಲಾಕ್ ಮೇಲೆ ಅಂತೂ ಹೊಸ ಸಂಖ್ಯೆ ಹಾಕಿದ ಹಳೇ ಲೆಕ್ಕವೇ ಮತ್ತೆ ಮತ್ತೆ ಬರುತ್ತಿದೆ. ನಿಮ್ಮ ಕಾಲೇಜಿನಲ್ಲಿ ಯಾರಾದರೂ ನೋಟ್ಸಿನಲ್ಲಿ ಸಿಗದ ಒಳ್ಳೆಯ ಪ್ರಶ್ನೆ ಮಾಡಿದ್ದರೆ ಹಂಚಿಕೊಳ್ಳಿ. ಹುಡುಗರು ಏನು ಬರೆದರು ಅಂತಲೂ ತಿಳಿಸಿ.