ಆಗಸ್ಟ್ 15ರ ಪುಟದ ನಾಲ್ಕು ಸಾಲು

ಕನ್ನಡ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ವಿದೇಶ ಪುಟ ನೋಡಿಕೊಳ್ಳೋದು ನನ್ನ ಕೆಲಸ. 2017ರ ಡಿಸೆಂಬರ್‌ನಲ್ಲಿ ವರ್ಷದ ಹಿನ್ನೋಟ ಬರೆಯೋಕೆ ಹಳೇ ಫೈಲ್ ತಿರುವಿ ಹಾಕುತ್ತಿದ್ದೆ. ನಾನೇ ಮಾಡಿದ ಒಂದು ಪುಟ ಕಂಡು ಕೈ ಅಲ್ಲೇ ನಿಂತಿತು.

ಆ ವರ್ಷ ಆಗಸ್ಟ್ 14ರ ಬೆಳಗಿನ ಜಾವ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ, ರಾಜಧಾನಿ ಫ್ರೀಟೌನ್‌ಗೆ ಅಂಟಿಕೊಂಡಿರುವ ಶುಗರ್ ಲೋಫ್ ಗುಡ್ಡ ಕುಸಿದು ಕೆಳಗಿನ ಮನೆಗಳ ಮೇಲೆ ಬಿತ್ತು. ಬಿಡದ ಮಳೆ, ಮರ ಕಡಿದು ಬೋಳಾಗಿದ್ದ ಇಳಿಜಾರು. ಎಷ್ಟೋ ಜನ ಇನ್ನೂ ನಿದ್ದೆಯಲ್ಲಿದ್ದರು. ಸಂಜೆ ಸುದ್ದಿ ಏಜೆನ್ಸಿಯಲ್ಲಿ ಬಂದ ಸಾವಿನ ಲೆಕ್ಕ ಮುನ್ನೂರರ ಆಸುಪಾಸು. ಮಾರನೇ ದಿನ ಸ್ವಾತಂತ್ರ್ಯ ದಿನ, ಪುಟದ ತುಂಬಾ ಜಾಹೀರಾತು. ನಾಲ್ಕು ಸಾಲು ಮಾಡಿ ಸಂಕ್ಷಿಪ್ತ ಸುದ್ದಿಗೆ ತಳ್ಳಿದೆ. 15ಕ್ಕೆ ನಮಗೆ ರಜೆ, 16ಕ್ಕೆ ಪೇಪರ್ ಇಲ್ಲ, 17ರ ಪುಟಕ್ಕೆ ಕೂತಾಗ ಅದು ಹಳೇ ಸುದ್ದಿ. ಸತ್ತವರು, ಕಾಣೆಯಾದವರು ಸೇರಿ 1,141 ಅಂತ ಆಮೇಲೆ ಅಧಿಕೃತ ಲೆಕ್ಕ ಬಂತು. ನಾವು ಅದನ್ನು ಹಾಕಲೇ ಇಲ್ಲ.

ಅದೇ ಫೈಲ್‌ನಲ್ಲಿ ಹತ್ತು ಹನ್ನೆರಡು ದಿನ ಮುಂದೆ ಹೋದರೆ ಅಮೆರಿಕದ ಟೆಕ್ಸಾಸ್‌ನಲ್ಲಿ ಹ್ಯೂಸ್ಟನ್ ನಗರವನ್ನು ಮುಳುಗಿಸಿದ ಹಾರ್ವಿ ಚಂಡಮಾರುತ. ದಿನಾ ಲೀಡ್ (ಪುಟದ ಮುಖ್ಯ ಸುದ್ದಿ), ದಿನಾ ದೊಡ್ಡ ಫೋಟೊ. ಅಲ್ಲಿ ಸತ್ತವರು ನೂರರ ಆಸುಪಾಸು. ಅದೇ ಹೊತ್ತಿಗೆ ಬಿಹಾರ ಸೇರಿ ಭಾರತ, ನೇಪಾಳ, ಬಾಂಗ್ಲಾದೇಶದ ನೆರೆಯಲ್ಲಿ ಸತ್ತವರು 1,200ಕ್ಕೂ ಜಾಸ್ತಿ.

ಹ್ಯೂಸ್ಟನ್ ಸುದ್ದಿ ಹಾಕಿದ್ದು ತಪ್ಪಲ್ಲ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 200 ಭಾರತೀಯ ವಿದ್ಯಾರ್ಥಿಗಳು ನೀರಿನ ಮಧ್ಯೆ ಸಿಕ್ಕಿಕೊಂಡಿದ್ದಾರೆ ಅಂತ ಸುಷ್ಮಾ ಸ್ವರಾಜ್ ಅವರೇ ಹೇಳಿದ್ದರು, ಮಕ್ಕಳು ಅಲ್ಲಿರುವ ಅಪ್ಪ ಅಮ್ಮಂದಿರು ಆಫೀಸಿಗೆ ಫೋನ್ ಮಾಡಿ ಏನಾದರೂ ಹೊಸದು ಬಂತಾ ಅಂತ ಕೇಳುತ್ತಿದ್ದರು. ಆದರೆ ಇನ್ನೊಂದು ಕಾರಣವೂ ಇತ್ತು. ಹ್ಯೂಸ್ಟನ್ ಕಾಪಿ, ಅಂದರೆ ಏಜೆನ್ಸಿ ವರದಿ, ಹತ್ತು ನಿಮಿಷಕ್ಕೊಂದು ಬರುತ್ತಿತ್ತು. ಫೋಟೊ, ನಕ್ಷೆ, ಬದುಕಿ ಬಂದವರ ಮಾತು, ಎಲ್ಲಾ ರೆಡಿ. ಫ್ರೀಟೌನ್‌ನಿಂದ ಬಂದದ್ದು ಎರಡು ಕಾಪಿ, ಬೆರಳೆಣಿಕೆಯ ಫೋಟೊ. ಸಿಯೆರಾ ಲಿಯೋನ್ ಎಲ್ಲಿದೆ ಅಂತ ಹೇಳೋಕೇ ಒಂದು ಸಾಲು ಬೇಕು, ಅಮೆರಿಕಕ್ಕೆ ಬೇಡ. ರಾತ್ರಿ ಹತ್ತೂವರೆಗೆ ಪುಟ ಬಿಡಬೇಕಾದವನು ಯಾವುದನ್ನು ಕತ್ತರಿಸುತ್ತಾನೆ ಹೇಳಿ.

ಇದರ ಪೆಟ್ಟು ಪುಟದಲ್ಲೇ ನಿಲ್ಲುವುದಿಲ್ಲ. ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್ ಅನ್ನೋ ಅರ್ಥಶಾಸ್ತ್ರಜ್ಞರು 2007ರಲ್ಲಿ ತೋರಿಸಿದ ಹಾಗೆ, ಒಲಿಂಪಿಕ್ಸ್ ನಡೆಯುವಾಗ ಆದ ದುರಂತಕ್ಕೆ ಅಮೆರಿಕದ ಸರ್ಕಾರಿ ನೆರವು ಸಿಗುವ ಸಾಧ್ಯತೆಯೇ ಕಡಿಮೆ, ಯಾಕೆಂದರೆ ಸುದ್ದಿಗೆ ಜಾಗ ಇರಲ್ಲ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅವತ್ತಿನಿಂದ ಡ್ರಾಯರ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸಂಕ್ಷಿಪ್ತದಲ್ಲಿ ಹಾಕಿದ ಪ್ರತಿ ದುರಂತದ ಊರು, ತಾರೀಖು ಬರೆದುಕೊಳ್ಳುತ್ತೇನೆ. ಮೂರನೇ ದಿನ ಒಂದು ಸಲ, ಹತ್ತನೇ ದಿನ ಒಂದು ಸಲ ಆ ಊರಿನ ಹೆಸರು ಹಾಕಿ ಏಜೆನ್ಸಿಯಲ್ಲಿ ಹುಡುಕುತ್ತೇನೆ. ಸಾವಿನ ಲೆಕ್ಕ ಮೊದಲ ದಿನ ಸಾಮಾನ್ಯವಾಗಿ ಚಿಕ್ಕದೇ, ದೂರದ ಬಡ ಊರಾದರೆ ಇನ್ನೂ ಚಿಕ್ಕದು.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ20 ಮುಗಿದ ರಾತ್ರಿಯೇ ಲಿಬಿಯಾದ ಡೆರ್ನಾದಲ್ಲಿ ಎರಡು ಅಣೆಕಟ್ಟು ಒಡೆದವು, ಸಾವಿರಾರು ಜನ ಕೊಚ್ಚಿಹೋದರು. ಆ ಹೆಸರನ್ನೂ ಬರೆದುಕೊಂಡೆ. ಹತ್ತನೇ ದಿನ ಮತ್ತೆ ಹುಡುಕಿ, ಅವು 1970ರ ದಶಕದ ಅಣೆಕಟ್ಟುಗಳು, ದುರಸ್ತಿ ನೆಟ್ಟಗೆ ಆಗಿರಲಿಲ್ಲ, ಜಲತಜ್ಞರೊಬ್ಬರು ಒಂದು ವರ್ಷ ಮೊದಲೇ ಎಚ್ಚರಿಸಿದ್ದರು ಅನ್ನೋದನ್ನು ಸೇರಿಸಿ ಮೂರು ಕಾಲಂ ಮಾಡಿದೆ.

ಆ ವಾರ ಒಬ್ಬ ಓದುಗರು ಇನ್‌ಲ್ಯಾಂಡ್ ಲೆಟರ್ ಬರೆದಿದ್ದರು. ಲಿಬಿಯಾ ಸುದ್ದಿ ಓದಿದೆ, ನಮ್ಮೂರ ಕೆರೆ ಏರಿಯಲ್ಲೂ ಬಿರುಕು ಬಿಟ್ಟಿದೆ, ಯಾರನ್ನಾದರೂ ಕಳಿಸಿ ಅಂತ. ನಮ್ಮ ಜಿಲ್ಲಾ ವರದಿಗಾರರಿಗೆ ಫೋನ್ ಮಾಡಿ ಓದಿ ಹೇಳಿದೆ. ಮಾರನೇ ದಿನ ಬೆಳಿಗ್ಗೆಯೇ ಹೋಗಿ ಬಂದರು.