ನಿಮ್ಮದು ಅಪ್ಪಟ ಮಲೆನಾಡಿನ ಅಡುಗೆನಾ?

ನಮ್ಮನೇಲಿ ಊಟ ಮಾಡಿದವರು ಕೈ ತೊಳೆಯುವಾಗ ಕೇಳುವ ಪ್ರಶ್ನೆ ಇದು. ನಾನು ಸಾಗರದ ಕಡೆಯವಳು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಹೌದು ಅನ್ನಲು ಬಾಯಿ ಬರುವುದಿಲ್ಲ. ಯಾವ ತಿಂಗಳು ಬಂದಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ ಅದು.

ಅಮ್ಮ ಯಾವತ್ತೂ 'ಏನು ಅಡುಗೆ ಮಾಡಲಿ' ಅಂತ ಕೇಳಿದವಳಲ್ಲ. ಹಿತ್ತಿಲು ಹೇಳುತ್ತಿತ್ತು. ಮಳೆ ಹಿಡಿದರೆ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತೆ, ಅದು ಬಿಡಬೇಕಲ್ವಾ. ತರಕಾರಿ ಸಿಗದ ಆಷಾಢಕ್ಕೆ ಬೇಸಿಗೆಯಲ್ಲೇ ಹಲಸಿನ ಸೊಳೆಯನ್ನು ಉಪ್ಪಲ್ಲಿ ಹಾಕಿ ಇಡುತ್ತಿದ್ದಳು.

ಬೆಂಗಳೂರಲ್ಲಿ ವರ್ಷವಿಡೀ ಎಲ್ಲಾ ಸಿಗುತ್ತೆ. ಮೊದಲ ವರ್ಷ ನನಗೆ ಅಡುಗೆಯೇ ಬೇಜಾರಾಗಿತ್ತು. ಡಿಸೆಂಬರ್ ಬಂತು ನೋಡಿ, ಬೀದಿ ತುಂಬಾ ಅವರೆಕಾಯಿ ರಾಶಿ. ಪಕ್ಕದ ಮನೆ ಅಜ್ಜಿ ಮಾಗಡಿ ಕಡೆಯವರು. ಕಾಯನ್ನು ಮೂಗಿಗೆ ಹಿಡಿದು, "ಸೊಗಡು ಕೈಗೆ ಅಂಟದಿದ್ರೆ ತಗೋಬೇಡ ಕಣಮ್ಮ" ಅಂದರು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಅವರ ನಂಬಿಕೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಬ್ಬರೂ ಜಗಲಿ ಮೇಲೆ ಕೂತು ಹಿತುಕಿದೆವು. ಬೆರಳಿನ ನಡುವೆ ಒತ್ತಿದರೆ ಬೇಳೆ ಪಟಕ್ಕನೆ ಹೊರಗೆ ಜಾರುತ್ತೆ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ಕಾಯಿ ರುಬ್ಬಿಸಿದರು. ನಮ್ಮೂರಿನ ತಂಬುಳಿ ನಾಲಿಗೆಗೆ ಅದು ಮೊದಲು ಜೋರು ಅನ್ನಿಸಿತು. ಈಗ ಅದಿಲ್ಲದೆ ನನಗೆ ಚಳಿಗಾಲವೇ ಇಲ್ಲ.

ಸಂಕ್ರಾಂತಿ ಹೊತ್ತಿಗೆ ಎದುರು ಮನೆಯ ಧಾರವಾಡದವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಳಿಸುತ್ತಾರೆ. "ಥಂಡಿಯೊಳಗ ಇದನ್ನ ತಿನಬೇಕ್ರಿ ಅಕ್ಕಾರ, ಮೈ ಬೆಚ್ಚಗ ಇರ್ತದ." ತಟ್ಟೋದು ಕಲಿಯೋಕೆ ನನಗೆ ಮೂರು ಚಳಿಗಾಲ ಬೇಕಾಯ್ತು.

ಹಾಗಾದರೆ ನಮ್ಮದು ಅನ್ನೋದು ಯಾವುದು? ಇದನ್ನು ನಾನು ತಿಥಿ ಅಡುಗೆ ಮಾಡುವಾಗ ಯೋಚಿಸುತ್ತೇನೆ. ನಮ್ಮನೇಲಿ ಅವತ್ತು ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಒಳಗೆ ಬರಲ್ಲ. ಖಾರಕ್ಕೆ ಕಾಳುಮೆಣಸು ಮಾತ್ರ. ಆ ಮೂರೂ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿಯನ್ನು ಪೋರ್ಚುಗೀಸರು ನಮ್ಮ ಕಡಲತೀರಕ್ಕೆ ತಂದದ್ದು 16ನೇ ಶತಮಾನದಲ್ಲಿ. ಹೊಸ ಕಾಯಿಗೆ ನಮ್ಮವರು ಹಳೇ ಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡರು. ಇವತ್ತು ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಅಡುಗೆಮನೆ ಎಲ್ಲಿದೆ ಹೇಳಿ! ಅಜ್ಜಿಯ ಗಸಗಸೆ ಮಸಾಲೆ ನನ್ನ ಒರಳಿಗೆ ಬಂದದ್ದೂ ಹಾಗೇ ಅಲ್ವಾ. ಅದಕ್ಕೇ 'ಅಪ್ಪಟ' ಅನ್ನೋ ಮಾತು ನನಗೆ ಒಗ್ಗಲ್ಲ.

ಈಗ ಅವರೆ ಬಲಿತು ಸೊಗಡು ಕಮ್ಮಿಯಾಗಿದೆ. ಊರಲ್ಲಿ ಮಾವು ಮಿಡಿ ಬಿಟ್ಟಿದೆಯಂತೆ, ಅಣ್ಣ ಫೋನ್ ಮಾಡಿದ್ದ. ಭರಣಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಈ ಸಲ ಎದುರು ಮನೆಯವರಿಗೂ ನೂರು ಮಿಡಿ ಬೇಕಂತೆ.